ಸಂಬಳದ ಜಾಡು ಹಿಡಿದು: ಅಮೆರಿಕದ ಬಾಡಿಗೆ ಬಂಟನೊಬ್ಬನ ಜೀವನವನ್ನು ಕನ್ನಡದಲ್ಲಿ ಬರೆಯುವ ಬಗೆ

ಶ್ರೀರಂಗಪಟ್ಟಣದ ಯುದ್ಧಗಳ ಬಗ್ಗೆ ಓದುತ್ತ ಹೋದವರಿಗೆ ಒಂದಲ್ಲ ಒಂದು ಪುಟದಲ್ಲಿ ವಿಚಿತ್ರ ಮನುಷ್ಯನೊಬ್ಬ ಎದುರಾಗುತ್ತಾನೆ. ಆತ ಮೈಸೂರಿನವನಲ್ಲ, ಮರಾಠನಲ್ಲ, ನಿಜಾಮನ ಪ್ರಜೆಯಲ್ಲ, ಕಂಪನಿಯ ನೌಕರನೂ ಅಲ್ಲ. ಆದರೂ ಕತ್ತಿ ಹಿಡಿದು ಯಾರದೋ ಪಾಳೆಯದಲ್ಲಿ ನಿಂತಿರುತ್ತಾನೆ. ಇಂಥವರಲ್ಲಿ ಹೆಚ್ಚಿನವರು ಫ್ರೆಂಚರಾದರೂ, ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದಿಂದ ಹಡಗು ಹತ್ತಿ ಬಂದವರೂ ಹಿಂದೂಸ್ತಾನದ ಅರಸರ ದಂಡಿನಲ್ಲಿ ಕಾಣಿಸಿಕೊಳ್ಳತೊಡಗುತ್ತಾರೆ. ಮೈಸೂರು ಮಂಡ್ಯದ ಇತಿಹಾಸ ವಿದ್ಯಾರ್ಥಿಗಳೂ ಅಧ್ಯಾಪಕರೂ ಅಂಥವನೊಬ್ಬನ ಜೀವನವನ್ನು ಕನ್ನಡದಲ್ಲಿ ಬರೆಯಲು ಹೊರಟಾಗ ಅನುಸರಿಸಬಹುದಾದ ಕ್ರಮವೊಂದನ್ನು ಇಲ್ಲಿ ವಿವರಿಸುತ್ತಿದ್ದೇನೆ. ಇಡೀ ಕ್ರಮ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಈತನಿಗೆ ಈ ತಿಂಗಳು ಸಂಬಳ ಕೊಟ್ಟವರು ಯಾರು?

ಮೊದಲು ಆತನನ್ನು ಏನೆಂದು ಕರೆಯಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ‘ಸಾಹಸಿ’ ಎಂದರೆ ಹೊಗಳಿಕೆಯಾಗುತ್ತದೆ, ‘ಕೂಲಿ ಸೈನಿಕ’ ಎಂದರೆ ತೆಗಳಿಕೆಯ ವಾಸನೆ ಬರುತ್ತದೆ. ನಾನು ‘ಬಾಡಿಗೆ ಬಂಟ’ ಎಂಬ ಮಾತನ್ನು ಬಳಸುತ್ತೇನೆ. ಅದರಲ್ಲಿ ಬಂಟತನವೂ ಉಂಟು, ಬಾಡಿಗೆಯೂ ಉಂಟು. ದಂಡಿನ ಚಾಕರಿಯನ್ನು ಹಣಕ್ಕೆ ಮಾಡುವುದು ನಮ್ಮ ಸೀಮೆಗೆ ಹೊಸದಾಗಿರಲಿಲ್ಲ ಎಂಬುದನ್ನೂ ಓದುಗರಿಗೆ ಆರಂಭದಲ್ಲಿಯೇ ತಿಳಿಸಿಬಿಡಿ. ಹೈದರನ ಕಾಲದ ಮೈಸೂರು ದಂಡಿನಲ್ಲಿ ಸ್ವಂತ ಕುದುರೆ ತಂದು ಅದಕ್ಕೂ ಸೇರಿಸಿ ಸಂಬಳ ಪಡೆಯುತ್ತಿದ್ದವನನ್ನು ಸಿಲ್ಲೇದಾರ ಎನ್ನುತ್ತಿದ್ದರು. ಸರ್ಕಾರದ ಕುದುರೆ ಏರುತ್ತಿದ್ದವನು ಬಾರ್ಗೀರ. ಯುದ್ಧದಲ್ಲಿ ಕುದುರೆ ಸತ್ತರೆ ಸಿಲ್ಲೇದಾರನ ಬದುಕೇ ಕುಸಿಯುತ್ತಿತ್ತು, ಆದ್ದರಿಂದ ಆತ ಮುನ್ನುಗ್ಗುವ ಮುನ್ನ ಯೋಚಿಸುತ್ತಿದ್ದ. ಅಮೆರಿಕದವನೂ ಈ ಲೆಕ್ಕಾಚಾರದೊಳಗೇ ಬಂದು ಸೇರಿಕೊಂಡವನು.

ಎರಡನೆಯ ಕೆಲಸ, ಪುಸ್ತಕ ಬಿಚ್ಚುವ ಮುನ್ನ ನೆಲ ನೋಡಿಬರುವುದು. ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮುಂದೆ ಅರ್ಧ ಗಂಟೆಯಾದರೂ ನಿಲ್ಲಿ. ಅಲ್ಲಿರುವುದು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪ ನಡೆದ ಪೊಲ್ಲಿಲೂರಿನ ಯುದ್ಧದ ಚಿತ್ರ. ಕೆಂಪು ಅಂಗಿಯ ಸಿಪಾಯಿಗಳು ಚೌಕವಾಗಿ ನಿಂತಿದ್ದಾರೆ, ಅವರ ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ, ಕಂಪನಿ ಪಡೆಯ ನಾಯಕ, ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಮೈಸೂರಿನ ಕಡೆ ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ ಲಾಲಿಯನ್ನು ಹುಡುಕಿ ತೆಗೆಯಿರಿ. ಬಳಿಕ ಚಿತ್ರದಲ್ಲಿರುವ ಒಬ್ಬೊಬ್ಬನ ಮೇಲೂ ಬೆರಳಿಟ್ಟು ಕೇಳಿಕೊಳ್ಳಿ: ಇವನಿಗೆ ಸಂಬಳ ಕೊಡುವವರು ಯಾರು? ಕೆಂಪು ಅಂಗಿ ತೊಟ್ಟವರಲ್ಲಿ ಬಹುಪಾಲು ಜನ ನಮ್ಮ ದಕ್ಷಿಣದವರೇ, ಆದರೆ ಅನ್ನ ಕಂಪನಿಯದು. ಲಾಲಿ ಫ್ರಾನ್ಸಿನ ಕಡೆಯವನು, ಆದರೆ ಅನ್ನ ಹೈದರನದು. ಈ ಗೋಡೆಯ ಮುಂದೆ ಆ ಪ್ರಶ್ನೆ ಕೇಳಿ ಅಭ್ಯಾಸ ಮಾಡಿಕೊಂಡವರು ಮುಂದೆ ಕಾಗದಪತ್ರಗಳ ನಡುವೆ ದಾರಿ ತಪ್ಪುವುದು ಕಡಿಮೆ.

ಅಲ್ಲಿಂದ ಕಾವೇರಿಯ ದಡದಲ್ಲಿರುವ ಗ್ಯಾರಿಸನ್ ಸ್ಮಶಾನಕ್ಕೆ ಹೋಗಿ. 1799ರ ಮುತ್ತಿಗೆಯಲ್ಲಿ ಸತ್ತ ಯುರೋಪಿಯನ್ನರ ಜೊತೆಗೆ ಅಲ್ಲಿ ಡಿ ಮ್ಯೂರಾನ್ ಎಂಬ ಸ್ವಿಸ್ ರೆಜಿಮೆಂಟಿನ ಸೈನಿಕರ, ಅವರ ಮನೆಮಂದಿಯ ಗೋರಿಗಳಿವೆ. ಒಬ್ಬ ಮನುಷ್ಯ ಬಾಡಿಗೆಗೆ ಹೋಗುವುದು ಸರಿ, ಇಲ್ಲಿ ಒಂದು ಇಡೀ ರೆಜಿಮೆಂಟೇ ಬಾಡಿಗೆಗೆ ಹೋಗಿದೆ. 1781ರಲ್ಲಿ ನ್ಯೂಶಾಟೆಲ್‌ನ ಕೌಂಟ್ ಡಿ ಮ್ಯೂರಾನ್ ಅದನ್ನು ಡಚ್ಚರ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ. 1795ರಲ್ಲಿ ಸಿಲೋನಿನಲ್ಲಿದ್ದಾಗ ಅದು ಇಂಗ್ಲಿಷರ ಚಾಕರಿಗೆ ಬದಲಾಯಿತು, ಡಚ್ಚರು ಬಾಕಿ ಉಳಿಸಿಕೊಂಡಿದ್ದ ಸಂಬಳದ ವಿಷಯವೂ ಆ ಒಪ್ಪಂದದೊಳಗೆ ಬಂತು. ನಾಲ್ಕೇ ವರ್ಷಗಳಲ್ಲಿ ಅದು ಶ್ರೀರಂಗಪಟ್ಟಣದ ಕೋಟೆಯ ಮುಂದಿತ್ತು. ಇಲ್ಲಿ ಮಣ್ಣಾದ ಆ ಜನರಿಗೆ ಟಿಪ್ಪುವಿನ ಮೇಲೆ ಸ್ವಂತ ದ್ವೇಷವೇನೂ ಇದ್ದಿರಲಾರದು. ಆ ಗೋರಿಗಳ ನಡುವೆ ಓಡಾಡುವಾಗ ನನಗೆ ಪ್ರತಿ ಸಲವೂ ಮನಸ್ಸು ಭಾರವಾಗುತ್ತದೆ.

ಸಮಯವಿದ್ದರೆ ಪಾಂಡವಪುರಕ್ಕೂ ಹೋಗಿಬನ್ನಿ. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ದಳಗಳು ಬೀಡುಬಿಟ್ಟಿದ್ದ ಕಾರಣಕ್ಕೆ ಆ ಊರಿಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಂದಿತ್ತು. ನಮ್ಮ ತಂದೆಯವರು ಕೊನೆಯವರೆಗೂ ಹಾಗೆಯೇ ಅನ್ನುತ್ತಿದ್ದರು.

ಇನ್ನು ಮನುಷ್ಯನನ್ನು ಆರಿಸಿಕೊಳ್ಳುವ ವಿಚಾರ. ನಮ್ಮ ನೆಲಕ್ಕೆ ಹತ್ತಿರವಾದ ಅಮೆರಿಕದವನು ಬೇಕಾದರೆ ಜಾನ್ ಪಾರ್ಕರ್ ಬಾಯ್ಡ್‌ನನ್ನು ಹಿಡಿಯಿರಿ. 1764ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯೂಬರಿಪೋರ್ಟ್‌ನಲ್ಲಿ ಹುಟ್ಟಿದ ಈತ 1789ರಲ್ಲಿ ಹಿಂದೂಸ್ತಾನದ ದಾರಿ ಹಿಡಿದ. ಮದರಾಸಿನಿಂದ 450 ಮೈಲಿ ದೂರದ ಹೈದರಾಬಾದಿಗೆ ಶಿಫಾರಸು ಪತ್ರಗಳೊಂದಿಗೆ ಹೋದುದನ್ನೂ, ತಲಾ 500 ಜನರ ಎರಡು ಕಾಲಾಳು ದಳಗಳನ್ನು ನಿಜಾಮ ತನ್ನ ಕೈಗೆ ಒಪ್ಪಿಸಿದುದನ್ನೂ ತಂದೆಗೆ ಬರೆದ ಪತ್ರದಲ್ಲಿ ಆತನೇ ಹೇಳಿಕೊಂಡಿದ್ದಾನೆ. ಬರಬರುತ್ತ ಆತ ಸ್ವಂತ ದಳವನ್ನೇ ಕಟ್ಟಿದ: ತೋಪುಗಳು ಅವನವು, ಆನೆಗಳು ಅವನವು, ಇಂಗ್ಲಿಷ್ ಅಧಿಕಾರಿಗಳನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಂಡವನೂ ಅವನೇ, ನಿಜಾಮ, ಪೇಶ್ವೆ, ಹೋಳ್ಕರ್ ಹೀಗೆ ಯಾರು ಹಣ ಕೊಟ್ಟರೆ ಅವರಿಗೆ ಆ ದಳ ಸಲ್ಲುತ್ತಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಆತ ಯುದ್ಧದ ಗುತ್ತಿಗೆದಾರ. ಊರಿಗೆ ಮರಳಿದ ಮೇಲೆ ಅಮೆರಿಕದ ಸೈನ್ಯ ಸೇರಿ 1811ರಲ್ಲಿ ಅಲ್ಲಿನ ಮೂಲನಿವಾಸಿಗಳ ವಿರುದ್ಧದ ಟಿಪ್ಪಕನೂ ಕದನದಲ್ಲಿ ಹೋರಾಡಿದ, ಅಮೆರಿಕಕ್ಕೂ ಬ್ರಿಟನ್ನಿಗೂ ನಡೆದ ಯುದ್ಧದಲ್ಲಿ 1813ರ ನವೆಂಬರ್ 11ರಂದು ಕೆನಡಾದ ಕ್ರೈಸ್ಲರ್ಸ್ ಫಾರ್ಮ್ ಎಂಬಲ್ಲಿ ತನಗಿಂತ ಬಹಳ ಚಿಕ್ಕದಾದ ಬ್ರಿಟಿಷ್ ಪಡೆಗೆ ಸೋತ. ಅದೇ ವರ್ಷ ಅದೇ ಯುದ್ಧಕ್ಕಾಗಿ ಬ್ರಿಟಿಷರು ಕೆನಡಾಕ್ಕೆ ತರಿಸಿಕೊಂಡ ದಳಗಳಲ್ಲಿ ನಮ್ಮ ಶ್ರೀರಂಗಪಟ್ಟಣದ ಡಿ ಮ್ಯೂರಾನ್ ರೆಜಿಮೆಂಟೂ ಒಂದು. ಕಾವೇರಿಯ ದಡದ ಗೋರಿಗಳಿಂದ ಕೆನಡಾದ ಹಿಮದವರೆಗೆ ಹೋಗುವ ಈ ದಾರಿಯನ್ನು ಇನ್ನೂ ಯಾರಾದರೂ ಕನ್ನಡದಲ್ಲಿ ವಿಸ್ತಾರವಾಗಿ ಬರೆಯಬೇಕೆಂಬುದು ನನ್ನ ಬಹುದಿನದ ಆಸೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 1790ರಿಂದ 1792ರವರೆಗಿನ ಮೂರನೆಯ ಮೈಸೂರು ಯುದ್ಧದಲ್ಲಿ ನಿಜಾಮ ಇಂಗ್ಲಿಷರ ಮಿತ್ರನಾಗಿದ್ದ. 1791ರ ಮೇ 15ರಂದು ಅರಕೆರೆಯ ಬಳಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವನ್ನು ಎದುರಿಸಿದಾಗ ನಿಜಾಮನ ರಾವುತರು ಜೊತೆಗಿದ್ದರು. ಮಳೆ, ಮೇವಿನ ಕೊರತೆ, ಸಿಡುಬು ಇವೆಲ್ಲ ಸೇರಿ ಆ ದಂಡನ್ನು ಕಂಗೆಡಿಸಿದ ಮೇಲೆ ಕಾರ್ನ್‌ವಾಲಿಸ್ ಕನ್ನಂಬಾಡಿಯಲ್ಲಿ ತನ್ನ ಭಾರಿ ತೋಪುಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ. ಇಷ್ಟು ಖಚಿತ. ಆದರೆ ನಿಜಾಮನ ದಂಡು ಬಂತೆಂದ ಮಾತ್ರಕ್ಕೆ ಬಾಯ್ಡ್ ಅರಕೆರೆಯ ಗದ್ದೆ ಬಯಲಿನಲ್ಲಿ ಕುದುರೆ ಓಡಿಸಿದನೆಂದು ಬರೆಯುವಂತಿಲ್ಲ. ಆ ದಿನ ಆತ ಅಲ್ಲಿದ್ದನೆಂದು ಹೇಳುವ ಕಾಗದ ಕೈಗೆ ಸಿಗುವವರೆಗೆ ‘ನಿಜಾಮನ ದಂಡು ಬಂತು’ ಎಂಬಲ್ಲಿಗೆ ವಾಕ್ಯವನ್ನು ನಿಲ್ಲಿಸಬೇಕು. ಊರಿನ ಅಭಿಮಾನದಿಂದ ನಾಯಕನನ್ನು ನಮ್ಮೂರಿಗೆ ಎಳೆದುಕೊಂಡು ಬರುವುದು ಸ್ಥಳೀಯ ಇತಿಹಾಸದ ಬರಹಗಳಲ್ಲಿ ನಾನು ಅತಿ ಹೆಚ್ಚಾಗಿ ಕಂಡಿರುವ ದೋಷ.

ಈಗ ನೋಟು ಪುಸ್ತಕದ ಕೆಲಸ. ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು ಪುಟಕ್ಕೆ ನಾಲ್ಕು ಕಾಲಂ ಎಳೆಯಿರಿ: ದಿನಾಂಕ, ಸ್ಥಳ, ಸಂಬಳ ಕೊಟ್ಟವರು, ಈ ಮಾತಿಗೆ ಸಾಕ್ಷಿ ಯಾರು. ಕಾಲಂ ತುಂಬುವ ಬಗೆಯನ್ನು ಜೋಸಿಯಾ ಹಾರ್ಲನ್ ಎಂಬವನ ಬದುಕಿನಿಂದ ತೋರಿಸುತ್ತೇನೆ. ಕಲಿಯುವವರಿಗೆ ಇವನಿಗಿಂತ ಒಳ್ಳೆಯ ಮಾದರಿ ಸಿಗಲಾರದು.

ಹಾರ್ಲನ್ 1799ರ ಜೂನ್ 12ರಂದು ಪೆನ್ಸಿಲ್ವೇನಿಯಾದ ಚೆಸ್ಟರ್ ಕೌಂಟಿಯಲ್ಲಿ, ಯುದ್ಧವನ್ನೇ ಪಾಪವೆಂದು ತಿಳಿಯುವ ಕ್ವೇಕರ್ ಪಂಥದ ಕುಟುಂಬದಲ್ಲಿ ಹುಟ್ಟಿದ. ಟಿಪ್ಪು ಮಡಿದು ಆಗಿನ್ನೂ ಆರು ವಾರ ತುಂಬಿರಲಿಲ್ಲ. ವ್ಯಾಪಾರದ ಹಡಗಿನ ಸರಕಿನ ಮೇಲ್ವಿಚಾರಕನಾಗಿ ಕಲ್ಕತ್ತೆಗೆ ಬಂದವನು, ಊರಿನಲ್ಲಿ ನಿಶ್ಚಯವಾಗಿದ್ದ ಹುಡುಗಿ ಬೇರೊಬ್ಬನನ್ನು ಮದುವೆಯಾದ ಸುದ್ದಿ ಕೇಳಿ ಮರಳಿ ಹೋಗದೆ ಉಳಿದುಬಿಟ್ಟ. ಮೊದಲ ಸಾಲಿನಲ್ಲಿ ‘1824, ಕಲ್ಕತ್ತೆ, ಈಸ್ಟ್ ಇಂಡಿಯಾ ಕಂಪನಿ’ ಎಂದು ಬರೆಯಿರಿ: ವೈದ್ಯಶಾಲೆಯ ಮೆಟ್ಟಿಲು ಹತ್ತದ ಈತ ಪುಸ್ತಕ ಓದಿ ಕಲಿತ ವೈದ್ಯದ ಬಲದಿಂದ ಸಹಾಯಕ ಸರ್ಜನ್ ಆಗಿ ಸೇರಿ ಮೊದಲ ಬರ್ಮಾ ಯುದ್ಧಕ್ಕೆ ಹೋದ. 1826ರಲ್ಲಿ ಆ ಚಾಕರಿ ಬಿಟ್ಟ. ಮುಂದಿನ ಸಾಲು ಲೂಧಿಯಾನಾ. ಅಲ್ಲಿ ಪದಚ್ಯುತನಾಗಿ ಕುಳಿತಿದ್ದ ಅಫ್ಘಾನ್ ಅರಸ ಶಾ ಶುಜಾ ಸಂಬಳ ಕೊಡುವವನಾದ. ಅದರ ಮುಂದಿನದು 1829, ಲಾಹೋರು, ಮಹಾರಾಜ ರಣಜಿತ್ ಸಿಂಗ್. ಮೊದಲು ನೂರ್‌ಪುರ ಮತ್ತು ಜಸ್ರೋಟಾ, ಬಳಿಕ ಗುಜ್ರಾತಿನ ಆಡಳಿತ ಹಾರ್ಲನ್‌ನ ಕೈಗೆ ಬಂತು. ಈ ಗುಜ್ರಾತ್ ಪಂಜಾಬಿನ ಒಂದು ಪಟ್ಟಣ. ಅಹಮದಾಬಾದಿನ ಗುಜರಾತ್ ಅಲ್ಲ. ಇಂಗ್ಲಿಷ್ ಪುಸ್ತಕ ನೋಡಿ ಬರೆಯುವವರು ಅವಸರದಲ್ಲಿ ಇಲ್ಲಿ ಎಡವುತ್ತಾರೆ, ಆದ್ದರಿಂದ ಸ್ಥಳದ ಕಾಲಂನಲ್ಲಿ ಊರಿನ ಪಕ್ಕ ಸೀಮೆಯ ಹೆಸರನ್ನೂ ಬರೆದುಕೊಳ್ಳುವ ರೂಢಿ ಮಾಡಿಕೊಳ್ಳಿ.

ಸಂಬಳದ ಷರತ್ತನ್ನು ರಣಜಿತ್ ಸಿಂಗ್ ಹೇಳಿದ ರೀತಿ ಪ್ರಸಿದ್ಧವಾಗಿದೆ. ತಿಂಗಳಿಗೆ 3,000 ರೂಪಾಯಿ ಕೊಡುತ್ತೇನೆ, ಚೆನ್ನಾಗಿ ನಡೆದುಕೊಂಡರೆ ಹೆಚ್ಚಿಸುತ್ತೇನೆ, ಇಲ್ಲವಾದರೆ ಮೂಗು ಕೊಯ್ಯಿಸುತ್ತೇನೆ ಎಂದನಂತೆ. ಮೂಗು ಕೊಯ್ಯುವ ಮಾತು ಕೇಳಿ ಮೈಸೂರಿನ ಓದುಗರಿಗೆ ಆಶ್ಚರ್ಯವಾಗದು. ಹದಿನೇಳನೆಯ ಶತಮಾನದಲ್ಲಿ ಮಧುರೆಯ ಮೇಲಿನ ಯುದ್ಧದಲ್ಲಿ ಮೈಸೂರು ದಂಡು ಮೂಗು ಕೊಯ್ಯುವುದಕ್ಕೇ ಹೆಸರಾಗಿತ್ತು. ಆದರೆ ನಾಲ್ಕನೆಯ ಕಾಲಂ ಮರೆಯಬೇಡಿ: ಈ ಮಾತು ನಮಗೆ ದೊರೆಯುವುದು ಆ ಕಾಲದಲ್ಲಿ ಗುಜ್ರಾತಿನಲ್ಲಿ ಹಾರ್ಲನ್‌ನ ಅತಿಥಿಯಾಗಿದ್ದ ಪಾದ್ರಿ ಜೋಸೆಫ್ ವುಲ್ಫ್‌ನಿಂದ, ಆತನಿಗೆ ಹೇಳಿದವನು ಹಾರ್ಲನ್. ಹಾಗಾಗಿ ‘ರಣಜಿತ್ ಸಿಂಗ್ ಹೇಳಿದ’ ಎಂದು ಬರೆಯದೆ ‘ಹೇಳಿದನಂತೆ’ ಎಂದು ಬರೆಯಬೇಕು. ನಮ್ಮ ಭಾಷೆಯಲ್ಲಿ ‘ಅಂತೆ’ ಎಂಬ ಪುಟ್ಟ ಪದ ಸಾಕ್ಷಿಯ ತೂಕವನ್ನು ಎಷ್ಟು ಸಲೀಸಾಗಿ ತಿಳಿಸುತ್ತದೆ! ಈ ಬಗೆಯ ಬರವಣಿಗೆಗೆ ಕನ್ನಡ ಹೇಳಿ ಮಾಡಿಸಿದ ಭಾಷೆ ಎಂದು ನಾನು ನಂಬಿರುವುದಕ್ಕೆ ಅದೂ ಒಂದು ಕಾರಣ.

1836ರಲ್ಲಿ ಮೂರನೆಯ ಕಾಲಂನಲ್ಲಿ ಹೆಸರು ಬದಲಾಗುತ್ತದೆ: ಕಾಬೂಲಿನ ಅಮೀರ ದೋಸ್ತ್ ಮಹಮ್ಮದ್. ಹಿಂದಿನ ವರ್ಷವಷ್ಟೇ ರಣಜಿತ್ ಸಿಂಗನ ರಾಯಭಾರಿಯಾಗಿ ಯಾರ ಮನೆಯೊಳಗೆ ಒಡಕು ಹುಟ್ಟಿಸಿದ್ದನೋ ಅವನ ಚಾಕರಿಗೇ ಹಾರ್ಲನ್ ಹೋಗಿ ನಿಂತ. ‘ಉಂಡ ಮನೆಗೆ ಎರಡು ಬಗೆದ’ ಎಂದು ತೀರ್ಪು ಬರೆದುಬಿಡುವ ಮೊದಲು ಸಾಲುಗಳ ನಡುವೆ ನೋಡಿ. ಮಹಾರಾಜನ ಕಾಯಿಲೆಗೆ ಚಿಕಿತ್ಸೆ ಮಾಡಲು ಹಾರ್ಲನ್ ಭಾರಿ ಹಣ ಕೇಳಿದುದು, ಅದರಿಂದ ಮನಸ್ಸು ಕೆಟ್ಟುದು, ಚಾಕರಿ ಹೋದುದು ಇವೆಲ್ಲ ನಡುವೆ ಬರುತ್ತವೆ. ಇಂಥವರು ಒಡೆಯನನ್ನು ಬದಲಾಯಿಸಿದ ಸಂದರ್ಭಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ, ಬಾಕಿ ಸಂಬಳ, ಅವಮಾನ ಇಲ್ಲವೇ ಪ್ರಾಣಭಯ, ಈ ಮೂರರಲ್ಲಿ ಒಂದು ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ. ಅದು ಸಿಗುವವರೆಗೆ ತೀರ್ಪನ್ನು ತಡೆಹಿಡಿಯುವುದು ಬರಹಗಾರನ ಧರ್ಮ.

1838ರಲ್ಲಿ ಹಿಂದೂ ಕುಶ್ ಆಚೆಗಿನ ಕುಂದೂಜಿನ ಅರಸ ಮುರಾದ್ ಬೇಗನ ಮೇಲೆ ದಂಡೆತ್ತಿ ಹೋದ ಭಾಗ ಈ ಬದುಕಿನ ಶಿಖರ. ಅಲೆಕ್ಸಾಂಡರನ ದಾರಿಯಲ್ಲಿ ನಡೆಯುತ್ತಿದ್ದೇನೆಂಬ ಭಾವದಲ್ಲಿದ್ದ ಹಾರ್ಲನ್ ಜೊತೆಗೆ ಆನೆಯೊಂದನ್ನೂ ಕರೆದೊಯ್ದಿದ್ದ. ಚಳಿ ತಾಳಲಾರದ ಆ ಪ್ರಾಣಿಯನ್ನು ಅರ್ಧ ದಾರಿಯಿಂದ ಹಿಂದಕ್ಕೆ ಕಳಿಸಬೇಕಾಯಿತು. ಹಿಂದೂ ಕುಶ್ ಪರ್ವತದ ಎತ್ತರದ ಕಣಿವೆಯೊಂದರಲ್ಲಿ ಅಮೆರಿಕದ ಬಾವುಟ ಏರಿಸಿ ತೋಪಿನ ಗೌರವ ಸಲ್ಲಿಸಿದ. ಹಜಾರಾ ನಾಯಕ ಮಹಮ್ಮದ್ ರಫೀ ಬೇಗ್ ತನ್ನನ್ನು ಅಫ್ಘಾನಿಸ್ತಾನದ ನಡುಸೀಮೆಯಾದ ಘೋರ್‌ನ ರಾಜನೆಂದು ಒಪ್ಪಿ ಒಪ್ಪಂದ ಬರೆದುಕೊಟ್ಟನೆಂದು ಹೇಳಿಕೊಂಡ. ಈ ಕೊನೆಯ ಮಾತನ್ನು ಬಹುಕಾಲ ಬಡಾಯಿಯೆಂದು ತಳ್ಳಿಹಾಕಲಾಗಿತ್ತು, ಆದರೆ ಆ ಒಪ್ಪಂದದ ಕಾಗದ ಆತನ ಹುಟ್ಟೂರಿನ ಸೀಮೆಯ ವಸ್ತುಸಂಗ್ರಹಾಲಯವೊಂದರಲ್ಲಿ ಮುಂದೆ ಪತ್ತೆಯಾಯಿತು. ಇಲ್ಲಿ ಮೂರನೆಯ ಕಾಲಂ ಖಾಲಿ: ಘೋರ್‌ನಿಂದ ಆತನಿಗೆ ಒಂದು ಕಾಸೂ ಬರಲಿಲ್ಲ, ಏಕೆಂದರೆ ಆತ ಕಾಬೂಲಿಗೆ ಮರಳುವಷ್ಟರಲ್ಲಿ ಬ್ರಿಟಿಷರ ದಂಡು ದಾರಿಯಲ್ಲಿತ್ತು, 1839ರ ಆಗಸ್ಟ್‌ನಲ್ಲಿ ಅವರು ಊರೊಳಗೆ ಬಂದರು. ಇಂತಹ ಖಾಲಿ ಜಾಗಗಳನ್ನು ತುಂಬಲು ಹೋಗಬೇಡಿ. ರಾಜ್ಯ ಕಾಗದದ ಮೇಲಿತ್ತು, ಕೈಗೆ ಬರಲಿಲ್ಲ ಎಂಬ ಸಂಗತಿಯನ್ನು ಆ ಖಾಲಿ ಚೌಕವೇ ಹೇಳುತ್ತದೆ.

ಇದಕ್ಕೆ ಎದುರಾಗಿ ಅಲೆಕ್ಸಾಂಡರ್ ಗಾರ್ಡ್ನರ್‌ನ ವಿಷಯವನ್ನು ಹೇಳಲೇಬೇಕು. ರಣಜಿತ್ ಸಿಂಗನ ತೋಪಖಾನೆಯಲ್ಲಿ ಕರ್ನಲ್ ಆಗಿದ್ದು 1877ರವರೆಗೆ ಬದುಕಿದ್ದ ಈತ, ಅಡಿಯಿಂದ ಮುಡಿಯವರೆಗೆ ಚೌಕಳಿ ಬಟ್ಟೆ ತೊಟ್ಟು, ಗರಿಯಿಟ್ಟ ಪೇಟ ಧರಿಸಿ, ಕತ್ತಿಯೊಂದಿಗೆ ಕುಳಿತ ಫೋಟೋ ಒಂದಿದೆ, ಕಂಡವರು ಮರೆಯುವಂತಿಲ್ಲ. ತಾನು ಅಮೆರಿಕದ ಸುಪೀರಿಯರ್ ಸರೋವರದ ದಡದಲ್ಲಿ 1785ರಲ್ಲಿ ಹುಟ್ಟಿದವನೆಂದು ಆತ ಹೇಳಿಕೊಂಡ. ಹಲವು ವರ್ಷಗಳ ಹಿಂದೆ ಮಂಡ್ಯದ ಒಂದು ಉಪನ್ಯಾಸದಲ್ಲಿ ನಾನು ಆ ಫೋಟೋ ತೋರಿಸಿ ಅದೇ ಮಾತನ್ನು ನಿಸ್ಸಂದೇಹವಾಗಿ ಹೇಳಿಬಿಟ್ಟೆ. ಆತ ಐರ್ಲೆಂಡಿನವನು, ಸೈನ್ಯ ಬಿಟ್ಟು ಓಡಿಬಂದವನು, ಮಧ್ಯ ಏಷ್ಯಾದ ಪ್ರಯಾಣಗಳಲ್ಲಿ ಹಲವು ಕಟ್ಟುಕಥೆ ಎಂದು ವಾದಿಸಿದ ಇತಿಹಾಸಕಾರರಿದ್ದಾರೆಂಬುದು ನನಗೆ ತಿಳಿದದ್ದು ಆಮೇಲೆ. ಮುಂದಿನ ಸಭೆಯಲ್ಲಿ ಅದನ್ನು ತಿದ್ದಿ ಹೇಳಿದೆನಾದರೂ, ಹಿಂದಿನ ಸಲ ಬಂದು ಕೇಳಿದವರೆಲ್ಲ ಅಂದು ಬಂದಿರಲಿಲ್ಲ ಎಂಬ ಕೊರಗು ಉಳಿದಿದೆ. ಗಾರ್ಡ್ನರ್‌ನ ಬದುಕಿಗೆ ಕಾಲಂ ಎಳೆದು ನೋಡಿ: ಲಾಹೋರಿಗೆ ಬಂದ ಮೇಲಿನ ಸಾಲುಗಳಿಗೆ ಬೇರೆಯವರ ಸಾಕ್ಷ್ಯ ಸಿಗುತ್ತದೆ, ಅದಕ್ಕೆ ಹಿಂದಿನ ಸಾಲುಗಳ ನಾಲ್ಕನೆಯ ಕಾಲಂನಲ್ಲಿ ಬಹುಮಟ್ಟಿಗೆ ಒಂದೇ ಹೆಸರು, ಅವನದೇ. ಅಂತಹ ಭಾಗವನ್ನು ಬಿಟ್ಟುಬಿಡಬೇಕಾಗಿಲ್ಲ. ಅವನ ಬಾಯಿಂದಲೇ ಹೇಳಿಸಬೇಕು.

ದಿನಾಂಕ ಹೊಂದಿಸುವಾಗ ತಾಳ್ಮೆ ಬೇಕು. ಇಂಗ್ಲಿಷ್ ಪತ್ರಗಳಲ್ಲಿ ಕ್ರಿಸ್ತ ವರ್ಷ, ಹೈದರಾಬಾದಿನ ಕಾಗದಗಳಲ್ಲಿ ಹಿಜರಿ, ನಮ್ಮ ಕಡತಗಳಲ್ಲಿ ಶಕ ಮತ್ತು ಸಂವತ್ಸರ ಇರುತ್ತವೆ. ಟಿಪ್ಪು ಮಡಿದ 1799ರ ಮೇ 4 ನಮಗೆ ಸಿದ್ಧಾರ್ಥಿ ಸಂವತ್ಸರ. ಇವುಗಳ ಮೇಲೆ ಟಿಪ್ಪು ತನ್ನದೇ ಆದ ಮೌಲೂದಿ ಲೆಕ್ಕವನ್ನು ಜಾರಿಗೆ ತಂದ, ಆ ನಾಣ್ಯಗಳ ಮೇಲಿನ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಎಲ್ಲವನ್ನೂ ಕ್ರಿಸ್ತ ವರ್ಷಕ್ಕೆ ತಂದು, ಮೂಲದಲ್ಲಿದ್ದುದನ್ನು ಪಕ್ಕದಲ್ಲಿ ಹಾಗೆಯೇ ಉಳಿಸಿಕೊಳ್ಳಿ. ದೂರವನ್ನೂ ಲೆಕ್ಕ ಹಾಕಿ: ದಿನಕ್ಕೆ 12 ಮೈಲಿ ನಡೆದರೂ ಬಾಯ್ಡ್ ಹೇಳಿದ 450 ಮೈಲಿಗೆ 37 ಅಥವಾ 38 ದಿನ ಬೇಕು. ಎರಡು ದಿನಾಂಕಗಳ ನಡುವೆ ಅಷ್ಟು ದಿನಗಳಿಲ್ಲದಿದ್ದರೆ ಅವುಗಳಲ್ಲಿ ಒಂದು ತಪ್ಪಾಗಿದೆ.

ಬರವಣಿಗೆಗೆ ಕುಳಿತಾಗ ನಾಯಕನ ಕೆಳಗೆ ದುಡಿದವರನ್ನು ಮರೆಯಬೇಡಿ. ಬಾಯ್ಡ್‌ನ ತೋಪು ಎಳೆದ ಎತ್ತುಗಳಿಗೆ ಹುಲ್ಲು ಹಾಕಿದವರು, ಆನೆಗಳ ಮಾವುತರು, ಕಾರ್ನ್‌ವಾಲಿಸನ ದಂಡಿಗೆ ಎತ್ತುಗಳ ಬೆನ್ನ ಮೇಲೆ ಧಾನ್ಯ ಹೊತ್ತು ತಂದ ಲಂಬಾಣಿಗಳು, ಇವರೂ ಹಣಕ್ಕಾಗಿ ಯುದ್ಧಕ್ಕೆ ಬಂದವರೇ. ಮೇಲಿನವನಿಗೆ ಸಂಬಳ ತಡವಾದರೆ ಅವರಿಗೆ ಇನ್ನೂ ತಡವಾಗುತ್ತಿತ್ತು. ಅವರ ಹೆಸರುಗಳು ದೊರೆಯುವುದು ಅಪರೂಪ, ಹೆಸರನ್ನು ಹುಟ್ಟಿಸಿ ಬರೆಯುವುದು ತಪ್ಪು. ಆದರೆ ಅವರ ಕೆಲಸವನ್ನು ಕೆಲಸದ ಹೆಸರಿನಿಂದಲೇ ಹೇಳಬಹುದು. ಒಂದು ಪ್ರಕರಣಕ್ಕೆ ಒಂದು ಪ್ಯಾರಾ ಇವರಿಗೆ ಮೀಸಲಿಟ್ಟರೂ ಬರಹದ ತೂಕ ಬೇರೆಯಾಗುತ್ತದೆ.

ಪ್ರಕರಣಗಳನ್ನು ವಯಸ್ಸಿನ ಪ್ರಕಾರ ಹಂಚುವ ಬದಲು ಒಡೆಯರ ಪ್ರಕಾರ ಹಂಚಿರಿ. ಹಾರ್ಲನ್‌ನಿಗೆ ಕಂಪನಿ, ಶಾ ಶುಜಾ, ರಣಜಿತ್ ಸಿಂಗ್, ದೋಸ್ತ್ ಮಹಮ್ಮದ್ ಎಂಬ ನಾಲ್ಕು ಪ್ರಕರಣಗಳಾಗುತ್ತವೆ, ಐದನೆಯದು ತವರು. 1841ರಲ್ಲಿ ಊರು ಸೇರಿದ ಆತ ಮರುವರ್ಷವೇ ಬ್ರಿಟಿಷರನ್ನು ಕಟುವಾಗಿ ಟೀಕಿಸಿದ ನೆನಪಿನ ಪುಸ್ತಕ ಅಚ್ಚು ಹಾಕಿಸಿದ, ಅಮೆರಿಕದ ಸೈನ್ಯಕ್ಕೆ ಒಂಟೆಗಳನ್ನು ತರಿಸಬೇಕೆಂದು ಸರ್ಕಾರದ ಬೆನ್ನು ಹತ್ತಿದ, 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಅರವತ್ತೆರಡರ ವಯಸ್ಸಿನಲ್ಲಿ ಸ್ವಂತ ಹೆಸರಿನ ಕುದುರೆ ದಳ ಕಟ್ಟಿದ, ಅಲ್ಲಿಯೂ ಕೆಳಗಿನ ಅಧಿಕಾರಿಗಳೊಂದಿಗೆ ಜಗಳವಾಗಿ, ಆರೋಗ್ಯ ಕೆಟ್ಟು ಮರುವರ್ಷ ಹೊರಬಂದ. ನೋಟು ಪುಸ್ತಕದ ಕೊನೆಯ ಸಾಲು 1871, ಸ್ಯಾನ್ ಫ್ರಾನ್ಸಿಸ್ಕೊ. ಕ್ಷಯದಿಂದ ಸಾಯುವ ಮುನ್ನ ಆತ ಅಲ್ಲಿ ವೈದ್ಯನಾಗಿ ದಿನ ಕಳೆಯುತ್ತಿದ್ದ. ಆ ಸಾಲಿನ ಮೂರನೆಯ ಕಾಲಂನಲ್ಲಿ ‘ರೋಗಿಗಳು’ ಎಂದು ಬರೆದುಕೊಳ್ಳಿ.